ಬಿಡುವುದು ಮತ್ತು ಕೈಬಿಡುವುದು

2025ರ ಮೇ ತಿಂಗಳಲ್ಲಿ ಅಕ್ಕ ತನ್ನ ನಾಯಿ ಸಿಂಬಾನನ್ನು ಹೈದರಾಬಾದಿನಿಂದ ಕಾರಿನಲ್ಲಿ ಕರೆತಂದು ವಾಡಿಯ ನಮ್ಮ ಮನೆಯಲ್ಲಿ ಬಿಟ್ಟುಹೋದಳು. ಅವಳಿಗೆ ಎರಡು ವಾರ ಬೇರೆ ಊರಿನಲ್ಲಿ ಕೆಲಸವಿತ್ತು. ನಾನು ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಮುಗಿಸುವ ನೆಪ ಹೇಳಿ ಕಲಬುರಗಿಯಿಂದ ಊರಿಗೆ ಬಂದಿದ್ದೆ. ಅಧ್ಯಾಯ ಮುಗಿಯಲಿಲ್ಲ. ಅದರ ಬದಲು, ಒಂದು ಪ್ರಾಣಿಯನ್ನು ಬಿಡುವುದು ಎಂದರೇನು ಎಂಬ ಪ್ರಶ್ನೆ ತಲೆಗೆ ಹತ್ತಿತು. ಇನ್ನೂ ಇಳಿದಿಲ್ಲ.

ಸಿಂಬಾ ಲ್ಯಾಬ್ರಡಾರ್. 2021ರ ಲಾಕ್‌ಡೌನಿನಲ್ಲಿ ಎರಡು ತಿಂಗಳ ಮರಿಯಾಗಿ ಬಂದವನು, ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಳೆದವನು. ಮನುಷ್ಯರೆಂದರೆ ಪ್ರಾಣ. ಇನ್ನೊಂದು ನಾಯಿ ಕಂಡರೆ ಮಾತ್ರ ನಡುಗುತ್ತಾನೆ, ಇಲ್ಲವೇ ಹುಚ್ಚೆದ್ದು ಬೊಗಳುತ್ತಾನೆ. ಇದು ಅವನ ತಪ್ಪಲ್ಲ. ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೇ ವಾರದವರೆಗೆ ನಾಯಿಮರಿ ಯಾರ ಜೊತೆ ಬೆರೆಯುತ್ತದೋ ಅವರನ್ನೇ ತನ್ನವರೆಂದು ತಿಳಿಯುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮಾತು ವಿವರವಾಗಿದೆ. ಒಡಹುಟ್ಟಿದ ಮರಿಯನ್ನು ಜೋರಾಗಿ ಕಚ್ಚಿದರೆ ಅದು ಕುಯ್ ಎಂದು ಕೂಗಿ ಆಟ ಬಿಟ್ಟು ಹೋಗುತ್ತದೆ. ಹಾಗೆ ನಾಲ್ಕು ಸಲ ಆಟ ಕಳೆದುಕೊಂಡ ಮೇಲೆ ಹಲ್ಲನ್ನು ಎಷ್ಟು ಊರಬೇಕು ಎಂಬುದು ಮರಿಗೆ ತಿಳಿಯುತ್ತದೆ. ಸಿಂಬಾನ ಆ ವಾರಗಳಲ್ಲಿ ಬಹುಪಾಲು ಬಾಗಿಲು ಹಾಕಿದ ಮನೆಯಲ್ಲೇ ಕಳೆದುಹೋದವು.

ಅಕ್ಕ ಅವನನ್ನು ಭಾನುವಾರಗಳಂದು ಕೊಂಡಾಪುರದ ನಾಯಿಗಳ ಪಾರ್ಕಿಗೆ ಕರೆದೊಯ್ಯುತ್ತಿದ್ದಳು. ಹೈದರಾಬಾದಿನ ಮಹಾನಗರ ಪಾಲಿಕೆ ಇದನ್ನು ನಾಯಿಗಳಿಗೆಂದೇ 2018ರಲ್ಲಿ ತೆರೆಯಿತು. ದೊಡ್ಡ ನಾಯಿಗೊಂದು ಅಂಗಳ, ಸಣ್ಣ ನಾಯಿಗೊಂದು ಅಂಗಳ. ಒಳಗೆ ಹೋದ ಮೇಲೆ ಹಗ್ಗ ಬಿಚ್ಚಬಹುದು. ಅಮೆರಿಕದ ಬರ್ಕ್ಲಿ ನಗರದಲ್ಲಿ 1979ರಲ್ಲೇ ಇಂಥದೊಂದು ಪಾರ್ಕು ಶುರುವಾಗಿತ್ತು. ನಮ್ಮಲ್ಲಿ ಇದು ಹೊಸದು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ನಾಯಿಗಳನ್ನು ತರುವುದನ್ನೇ ನಿಷೇಧಿಸುವ ಮಾತು 2022ರಲ್ಲಿ ಬಂದು, ವಿರೋಧದ ನಂತರ ನಿಂತಿತು.

ಒಂದು ಭಾನುವಾರ ನಾನೂ ಅಕ್ಕನ ಜೊತೆ ಹೋಗಿದ್ದೆ. ಸಿಂಬಾ ನನ್ನ ಕಾಲುಗಳ ನಡುವೆ ತಲೆ ತೂರಿಸಿ ನಿಂತುಬಿಟ್ಟ. ಬೇಲಿಯ ಗುಂಟ ನಿಂತ ಮಾಲೀಕರನ್ನು ನೋಡಿ ನನಗೆ ನಗು ಬಂತು. ಬೀದಿಯಲ್ಲಿ ಪುಕ್ಕಟೆ ಸಿಗುವ ವಿದ್ಯೆಗೆ ಇಷ್ಟೆಲ್ಲ ಗೇಟು, ಬೇಲಿ, ಕಾವಲು! ನಾನು ಹುಟ್ಟಿ ಬೆಳೆದ ಓಣಿಯ ನಾಯಿಗಳಿಗೆ ಯಾವ ಪಾರ್ಕಿತ್ತು? ಹಾಗೆಂದು ಅಕ್ಕನಿಗೆ ಹೇಳಿಯೂ ಬಿಟ್ಟೆ. ಅವಳು, 'ಇಲ್ಲಿ ಏನರೆ ಆದ್ರ ಯಾರಿಗಿ ಕೇಳಬೇಕಂತ ಗೊತ್ತಿರ್ತದೋ' ಎಂದಳು. ಆಗ ಆ ಮಾತು ನನಗೆ ಫ್ಲ್ಯಾಟಿನವರ ಮಾತಿನಂತೆ ಕೇಳಿತು.

ವಾಡಿಯಲ್ಲಿ ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ. ಹಳಿಯ ಆಚೆ ಒಂದು ಬಯಲಿದೆ. ಬಿಸಿಲೇರುವ ಮೊದಲು, ಬೆಳಗಿನ ಐದೂವರೆಗೆ ಸಿಂಬಾನನ್ನು ಅಲ್ಲಿಗೆ ಕರೆದೊಯ್ದೆ. ಮೊದಲ ದಿನವೇ ಐದಾರು ನಾಯಿಗಳು ಓಡಿ ಬಂದವು. ನಾನು ಹಗ್ಗ ಎಳೆದು ಹಿಡಿದೆ, ಸಿಂಬಾ ಕೊರಳು ಬಿಗಿದು ಹಿಂಗಾಲ ಮೇಲೆ ನಿಂತ. ರೈಲ್ವೆಯಿಂದ ನಿವೃತ್ತರಾದ ಪಕ್ಕದ ಮನೆಯ ಕಾಕಾ ದೂರದಿಂದಲೇ ಕೂಗಿದರು: 'ಹಗ್ಗ ಸಡ್ಲ ಬಿಡೋ ತಮ್ಮಾ. ನೀ ಅಂಜೀದಿ ಅಂತ ಹಗ್ಗದಾಗಿಂದೇ ಅದಕ್ಕ ತಿಳೀಲತ್ತದ.'

ಬಿಟ್ಟೆ. ಆಗ ಗುಂಪಿನಿಂದ ಒಂದು ಕೆಂಪು ಹೆಣ್ಣುನಾಯಿ ಮುಂದೆ ಬಂತು. ಪ್ಲ್ಯಾಟ್‌ಫಾರ್ಮಿನ ಚಹಾದಂಗಡಿಯವರು ಅವಳನ್ನು ಕೆಂಪಿ ಎನ್ನುತ್ತಾರೆ. ಅವಳು ನೇರವಾಗಿ ಬರಲಿಲ್ಲ. ಬಿಲ್ಲಿನಂತೆ ಬಳಸಿ, ಮುಖ ಬೇರೆ ಕಡೆ ತಿರುಗಿಸಿಕೊಂಡು, ನೆಲ ಮೂಸುತ್ತ ಬಂದು ಸಿಂಬಾನ ಪಕ್ಕೆಗೆ ನಿಂತಳು. ಒಂದೆರಡು ಉಸಿರು ಮೂಸಿ ಹೊರಟುಹೋದಳು. ಅಷ್ಟೇ. ನಾಯಿಗಳಲ್ಲಿ ಎದುರಾಬದುರು ಮುಖ ಕೊಟ್ಟು ನಿಲ್ಲುವುದು ಜಗಳದ ಕರೆ, ಬಳಸಿ ಬರುವುದು ಮರ್ಯಾದೆ. ಹಗ್ಗ ಬಿಗಿದಾಗ ನಾಯಿಗೆ ಬಳಸಿ ಹೋಗಲು ದಾರಿಯೇ ಇರುವುದಿಲ್ಲ. ಎಷ್ಟೋ ಸಾಕುನಾಯಿಗಳು ಹಗ್ಗದಲ್ಲಿ ಕ್ರೂರಿಗಳಂತೆ, ಬಯಲಲ್ಲಿ ಸಾಧುಗಳಂತೆ ಕಾಣುವುದು ಇದಕ್ಕೇ. ಮೂರನೇ ದಿನ ಸಿಂಬಾ ಬಾಲ ಆಡಿಸಿದ. ಏಳನೇ ದಿನ ಮುಂಗಾಲು ಚಾಚಿ, ಎದೆ ನೆಲಕ್ಕೂರಿ, ಹಿಂಭಾಗ ಎತ್ತಿ ಕೆಂಪಿಯನ್ನು ಆಟಕ್ಕೆ ಕರೆದ. ನಾಲ್ಕು ವರ್ಷದ ನಾಯಿ ಜೀವನದಲ್ಲಿ ಮೊದಲ ಸಲ ಆಡಿದ್ದನ್ನು ನೋಡಿ ನನಗೆ ಕಣ್ಣು ತುಂಬಿತು. ಓಣಿಯ ನಾಯಿಗಳು ಅವನೊಡನೆ ಚೆನ್ನಾಗಿರಲೆಂದು ದಿನಾ ಐದಾರು ಜೋಳದ ರೊಟ್ಟಿ ಒಯ್ದು, ಬಯಲಿನ ಅಂಚಿಗೆ ಕಾಲುದಾರಿ ಸೇರುವ ಕಡೆ ಹಾಕುತ್ತಿದ್ದೆ.

ವಿಡಿಯೊ ಕಳಿಸಿ ಅಕ್ಕನಿಗೆ ಬೀಗಿಕೊಂಡು ಬರೆದೆ: ನಿನ್ನ ಪಾರ್ಕು ವರ್ಷಗಟ್ಟಲೆ ಕಲಿಸಲಾಗದ್ದನ್ನು ನಮ್ಮ ಬಯಲು ಒಂದು ವಾರದಲ್ಲಿ ಕಲಿಸಿತು. ಅವಳು ಹೊಗಳಲಿಲ್ಲ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು: 'ಆ ಕೆಂಪಿಗಿ ಸೂಜಿ ಮಾಡ್ಸ್ಯಾರೇನು?'

ನನಗೆ ಸಿಟ್ಟು ಬಂತು. ಸಿಟ್ಟಿಳಿದ ಮೇಲೆ ನಾಚಿಕೆಯಾಯಿತು. ಅಕ್ಕ ಸಿಂಬಾನ ಸಲುವಾಗಿಯಾದರೂ ಕೇಳಿದಳು. ಕೆಂಪಿಯ ಸಲುವಾಗಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವಳಿಂದ ಪುಕ್ಕಟೆ ಪಾಠ ಹೇಳಿಸಿಕೊಂಡ ನಾನೂ ಕೂಡ. ಹಿಂದಿನ ಚಳಿಗಾಲದಲ್ಲಿ ಅವಳು ಐದು ಮರಿ ಹಾಕಿದ್ದಳಂತೆ. ಮೇ ಹೊತ್ತಿಗೆ ಒಂದು ಉಳಿದಿತ್ತು. ಇದು ವಾಡಿಯ ಕತೆ ಮಾತ್ರವಲ್ಲ. ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಪಶ್ಚಿಮ ಬಂಗಾಳದಲ್ಲಿ 364 ಬೀದಿ ಮರಿಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳು ತಿಂಗಳವರೆಗೆ ಉಳಿದದ್ದು ನೂರಕ್ಕೆ 19. ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಒಂದಲ್ಲ ಒಂದು ಬಗೆಯಲ್ಲಿ ಮನುಷ್ಯರೇ ಕಾರಣ. ನಾನು ಮೆಚ್ಚಿದ ಬೀದಿಯ ಶಾಲೆಯಲ್ಲಿ ಐದಕ್ಕೆ ಒಂದು ಮಾತ್ರ ತೇರ್ಗಡೆ. ಉಳಿದವು ಟೈರಿನ ಕೆಳಗೋ ರೋಗದಲ್ಲೋ ಹೋಗುತ್ತವೆ. ಕೆಂಪಿಯ ಆ ನಯ, ಆ ಬಳಸು ನಡಿಗೆ, ಬದುಕಿ ಉಳಿದವಳ ಎಚ್ಚರ. ಅದನ್ನು ನಾನು ಸ್ವಾತಂತ್ರ್ಯದ ಸೊಬಗು ಎಂದು ಓದಿಕೊಂಡಿದ್ದೆ.

ಸಿಂಬಾ ಹೈದರಾಬಾದಿಗೆ ಹೋದ. ನಾನು ಕಲಬುರಗಿಗೆ ಬಂದೆ. ಕಾಲುದಾರಿಯ ಆ ಜಾಗದಲ್ಲಿ ನಾಯಿಗಳು ರೊಟ್ಟಿಗಾಗಿ ಕಾಯುವುದು ಮಾತ್ರ ನಿಲ್ಲಲಿಲ್ಲ.

ಜುಲೈನಲ್ಲಿ ಅದೇ ಜಾಗದಲ್ಲಿ ನಮ್ಮ ಓಣಿಯ ಏಳು ವರ್ಷದ ಹುಡುಗನಿಗೆ ನಾಯಿ ಕಚ್ಚಿತು. ಕೆಂಪಿಯಲ್ಲ, ಗುಂಪಿನ ಇನ್ನೊಂದು. ಹುಡುಗ ಡಬ್ಬಿ ಹಿಡಿದು ಸಾಲಿಗೆ ಹೊರಟಿದ್ದ. ಅವನ ಅಪ್ಪ ಶಹಾಬಾದ ಕಡೆಯ ಪರ್ಸಿ ಖಣಿಯಲ್ಲಿ ದಿನಗೂಲಿ. ಲಸಿಕೆ ಮೊದಲ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ನಾಲ್ಕು ಸಲ ಆಸ್ಪತ್ರೆ, ನಾಲ್ಕು ದಿನದ ಕೂಲಿ. ಊರಿಗೆ ಹೋದಾಗ ನಾನು ಅವರ ಮನೆಗೆ ಹೋಗಿ, ಅಲ್ಲಿ ರೊಟ್ಟಿ ಹಾಕುತ್ತಿದ್ದವನು ನಾನೇ ಎಂದು ಹೇಳಿದೆ. ಹುಡುಗನ ಅವ್ವ ಬೈಯಲಿಲ್ಲ. 'ನೀವು ಓದಿದವ್ರು, ನಿಮಗ ನಾಯಿ ಬ್ಯಾರೇನೇ ಕಾಣ್ತದ. ನನ್ನ ಮಗ ಈಗ ಕೈಯಾಗ ಕಲ್ಲು ಹಿಡ್ಕೊಂಡು ಸಾಲಿಗಿ ಹೋಗ್ತಾನ' ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಕನ್ನಡದಲ್ಲಿ ಬಿಡುವುದು ಎಂಬ ಮಾತಿಗೆ ಎರಡು ಮುಖವಿದೆ. ಹಕ್ಕಿಯನ್ನು ಪಂಜರದಿಂದ ಬಿಟ್ಟೆ ಎಂದರೆ ಬಂಧನ ಕಳಚಿದೆ ಎಂದರ್ಥ. ಹೆತ್ತವರನ್ನು ಬಿಟ್ಟ ಎಂದರೆ ಕೈಬಿಟ್ಟ ಎಂದರ್ಥ. ನಾನು ಮೊದಲನೆಯದನ್ನು ಮಾಡುತ್ತಿದ್ದೇನೆಂದು ತಿಳಿದು ಎರಡನೆಯದನ್ನು ಮಾಡಿದ್ದೆ. ಹಗ್ಗ ಬೇಕೋ ಬೇಡವೋ ಎಂದು ವಾದಿಸುವವರೆಲ್ಲ ಮೊದಲು ಈ ಎರಡನ್ನು ಬೇರ್ಪಡಿಸಿಕೊಳ್ಳಬೇಕು ಎಂದು ಈಗ ಅನಿಸುತ್ತದೆ.

ಸೇಡಂ ಹತ್ತಿರ ಕಾಗಿಣಾ ನದಿಯ ದಂಡೆಯ ಹಳ್ಳಿಯೊಂದು ನನ್ನ ಮುತ್ಯಾನ ಊರು. ಅಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ಗೂಳಿಯೊಂದಿತ್ತು ಎಂದು ಮುತ್ಯಾ ಹೇಳುತ್ತಿದ್ದ. ಅದಕ್ಕೆ ಮೂಗುದಾರವಿಲ್ಲ, ಯಾರ ಹೊಲಕ್ಕಾದರೂ ನುಗ್ಗಬಹುದು, ಹೊಡೆಯುವಂತಿಲ್ಲ. ಆದರೆ ಗಾಯವಾದರೆ ಔಷಧ ಹಚ್ಚುವವರು ಊರವರು, ಹಾಯಲು ಬಂದರೆ ಹಿಡಿದು ಕಟ್ಟುವವರೂ ಊರವರು, ಸತ್ತರೆ ಮಣ್ಣು ಮಾಡುವವರೂ ಅವರೇ. ಅದು ಬಿಟ್ಟ ಗೂಳಿ, ಕೈಬಿಟ್ಟ ಗೂಳಿಯಲ್ಲ. ನಾಯಿಗೆ ನಾವು ಅಂಥ ಏರ್ಪಾಟು ಮಾಡಲಿಲ್ಲ. ಉಳಿದ ರೊಟ್ಟಿ ಹಾಕಿದೆವು, ಸಿಟ್ಟು ಬಂದಾಗ ಕಲ್ಲು ಹೊಡೆದೆವು. ಎರಡರ ನಡುವೆ ಹೊಣೆ ಎಂಬುದು ಬರಲೇ ಇಲ್ಲ.

ನನ್ನ ಸಂಶೋಧನೆ ರಾಷ್ಟ್ರಕೂಟರ ಕಾಲದ ಶಾಸನಗಳ ಕುರಿತು. ವಾಡಿಯಿಂದ ಸೇಡಂಗೆ ರೈಲಿನಲ್ಲಿ ಹೋಗುವಾಗ ಚಿತ್ತಾಪುರ ದಾಟಿದ ಮೇಲೆ ಸಿಗುವ ಮಳಖೇಡವೇ ಅವರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಮುಮ್ಮಡಿ ಕೃಷ್ಣನ ತಕ್ಕೋಲದ ಯುದ್ಧವನ್ನು ಹೇಳುವ ಆತಕೂರು ಶಾಸನ ಕ್ರಿ.ಶ. 949–50ರದು; ಸಿಕ್ಕಿದ್ದು ಇಂದಿನ ಮಂಡ್ಯ ಜಿಲ್ಲೆಯಲ್ಲಿ. ಅದೇ ಕಲ್ಲಿನಲ್ಲಿ ಕಾಳಿ ಎಂಬ ನಾಯಿಯ ಕತೆಯಿದೆ. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಈ ನಾಯಿಯನ್ನು. ಕಾಳಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ವಿದ್ಯಾರ್ಥಿಗಳು ಮೆಚ್ಚಿ ತಲೆದೂಗುತ್ತಾರೆ; ನಾನೂ ತೂಗುತ್ತಿದ್ದೆ. ಈಗ ಬೇರೊಂದು ಕಾಣುತ್ತದೆ. ಕಾಳಿಗೆ ಒಡೆಯನಿದ್ದ, ಹೆಸರಿತ್ತು, ಕೆಲಸವಿತ್ತು. ನಮ್ಮದಾದ ನಾಯಿಗೆ ಕಲ್ಲು ನಿಲ್ಲಿಸುವುದು ಸಾವಿರ ವರ್ಷದ ಹಿಂದೆಯೇ ನಮಗೆ ಗೊತ್ತಿತ್ತು. ಯಾರದೂ ಅಲ್ಲದ ನಾಯಿಗೆ ಏನು ಮಾಡಬೇಕೆಂಬುದು ಇಂದಿಗೂ ಗೊತ್ತಿಲ್ಲ.

ಕಾನೂನು ಉತ್ತರ ಹುಡುಕುತ್ತಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಯನ್ನು ಸಮುದಾಯದ ಪ್ರಾಣಿ ಎಂದು ಕರೆದು, ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಲು ಹೇಳಿತು. ಆಗಸ್ಟ್ 22ಕ್ಕೆ ಅದನ್ನು ಬದಲಿಸಿ, ಹುಚ್ಚು ಹಿಡಿದವು ಮತ್ತು ಮೇಲೆರಗುವವುಗಳನ್ನು ಬಿಟ್ಟು ಉಳಿದವಕ್ಕೆ ಶಸ್ತ್ರಕ್ರಿಯೆ, ಲಸಿಕೆ ಮಾಡಿ ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ಊಟ ಹಾಕಲು ಗೊತ್ತಾದ ಜಾಗ ಇರಬೇಕೆಂದಿತು. ಈ ಕೊನೆಯ ಮಾತನ್ನು ಓದುವಾಗ ನನ್ನ ಕಾಲುದಾರಿ ನೆನಪಾಯಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಬೇಕು, ಮರಳಿ ಅಲ್ಲಿಗೇ ಬಿಡಬಾರದು ಎನ್ನುತ್ತದೆ. ಕೆಂಪಿ ಹುಟ್ಟಿದ್ದೇ ರೈಲು ನಿಲ್ದಾಣದಲ್ಲಿ.

ಆ ಆದೇಶವನ್ನು ಬರೀ ಕ್ರೂರ ಎಂದು ತಳ್ಳಿಹಾಕಲು ನನ್ನಿಂದಾಗದು. ಕಲ್ಲು ಹಿಡಿದ ಹುಡುಗ ಕಣ್ಣ ಮುಂದೆ ಬರುತ್ತಾನೆ. ನಾಯಿಯನ್ನು ಎಲ್ಲೆಡೆ ಬಿಡಬಹುದು ಎಂಬುದೂ ಸುಳ್ಳು. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಚಿಂಚೋಳಿಯ ಕಾಡಿನಲ್ಲಿ ತೋಳ, ನರಿ, ಕತ್ತೆಕಿರುಬಗಳಿವೆ. ಅಂಥ ಕಡೆ ಅಡ್ಡಾಡುವ ಊರ ನಾಯಿ ಬೇಟೆಯಾಡುತ್ತದೆ, ರೇಬಿಸ್‌ನಂಥ ರೋಗ ಹಂಚುತ್ತದೆ. ಒಬ್ಬರ ಬಯಲು ಇನ್ನೊಬ್ಬರ ಮನೆ. ಆದರೆ ಹಿಡಿದೊಯ್ದು ಕೂಡಿಹಾಕಿ ಮರೆತರೆ ಅದೂ ಕೈಬಿಡುವುದೇ, ಗೋಡೆಯ ಒಳಗೆ.

ಈಗ ಕೊಂಡಾಪುರದ ಆ ಬೇಲಿ ನನಗೆ ನಗೆಯ ವಸ್ತುವಲ್ಲ. ಅಲ್ಲಿ ಕಂಡ ಮುಖ್ಯ ಸಂಗತಿ ಬೇಲಿಯೂ ಅಲ್ಲ, ಅದರ ಗುಂಟ ಪ್ರತಿ ನಾಯಿಗೂ ಒಬ್ಬರಂತೆ ಕಣ್ಣಿಟ್ಟು ನಿಂತಿದ್ದ ಜನ. ಹಗ್ಗ ಬಿಚ್ಚಿದ ಕೈ ಅಲ್ಲೇ ಹತ್ತಿರದಲ್ಲಿರುತ್ತದೆ. ಆ ಸವಲತ್ತು ಉಳ್ಳವರ ನಾಯಿಗೆ ಮಾತ್ರ ಇದೆ ಎಂಬ ನನ್ನ ತಕರಾರು ಉಳಿದೇ ಇದೆ. ಆದರೆ ಅದಕ್ಕೆ ಪರಿಹಾರ ಬೇಲಿ ಕಿತ್ತುಹಾಕುವುದಲ್ಲ, ನಮ್ಮ ಬಯಲಿಗೂ ಅಂಥ ಕಣ್ಣುಗಳು ಬರುವುದು. ಅಕ್ಕ ಅಂದು ಹೇಳಿದ್ದು ಇದನ್ನೇ.

ನಾನು ಮಾಡಿದ್ದು ಬಹಳವೇನಿಲ್ಲ. ಸೆಪ್ಟೆಂಬರಿನಲ್ಲಿ ಕಾಕಾ ಮತ್ತು ನಾನು ಕೆಂಪಿಯನ್ನೂ ಅವಳ ಮರಿಯನ್ನೂ ಟಂಟಂನಲ್ಲಿ ಕೂರಿಸಿಕೊಂಡು ಚಿತ್ತಾಪುರಕ್ಕೆ ಹೋಗಿ ರೇಬಿಸ್ ಲಸಿಕೆ ಹಾಕಿಸಿದೆವು. ಹುಡುಗನ ಅಪ್ಪನನ್ನು ಕೇಳಿ, ಮಕ್ಕಳು ಓಡಾಡದ ಕಡೆ, ಹಳಿಯ ಆಚೆಯ ಹಾಳು ಗೋಡೆಯ ಹತ್ತಿರ ರೊಟ್ಟಿ ಹಾಕುವ ಜಾಗ ಗೊತ್ತು ಮಾಡಿದೆವು. ನಾನಿಲ್ಲದಾಗ ಕಾಕಾ ಹಾಕುತ್ತಾರೆ. ಗುಂಪಿನ ಉಳಿದ ನಾಯಿಗಳು ನಮ್ಮ ಕೈಗೆ ಸಿಕ್ಕಿಲ್ಲ. ಪಾರ್ಕಿನಲ್ಲಿ ಸಿಂಬಾ ಈಗ ಅಂಜಿದ ನಾಯಿಗಳ ಬಳಿಗೆ ಮುಖ ತಿರುಗಿಸಿಕೊಂಡು ಬಳಸಿ ಹೋಗುತ್ತಾನಂತೆ, ಅಕ್ಕ ಹೇಳಿದಳು.

ಜನವರಿಯಲ್ಲಿ ಊರಿಗೆ ಹೋದಾಗ ಬೆಳಿಗ್ಗೆ ಹುಡುಗನ ಜೊತೆ ಸಾಲಿಯವರೆಗೆ ನಡೆದೆ. ಕೈಯಲ್ಲಿ ಕಲ್ಲಿತ್ತು. ಹಳಿಯ ಬಳಿ ಕೆಂಪಿ ಮಲಗಿದ್ದಳು. ಹುಡುಗ ನಿಂತು, 'ಅಣ್ಣಾ, ಇದಕ್ಕ ಸೂಜಿ ಮಾಡ್ಸ್ಯಾರೇನು?' ಎಂದು ಕೇಳಿದ. ಹೌದು, ನಾನೇ ಮಾಡಿಸೀನಿ ಎಂದೆ. ಅವನು ಸ್ವಲ್ಪ ಹೊತ್ತು ಅವಳನ್ನೇ ನೋಡಿದ. ಕಲ್ಲು ಬಿಸಾಡಲಿಲ್ಲ, ಚಡ್ಡಿಯ ಕಿಸೆಗೆ ಹಾಕಿಕೊಂಡ. ಕೆಂಪಿಯಿಂದ ದೂರ ಬಳಸಿಕೊಂಡು ನಾವು ಮುಂದೆ ಹೋದೆವು.