ಯಾರೂ ಸಾಯದ ದಿನದ ಹಿಂಸೆ

ಇಟಲಿಯ ಮೊಟ್ಟರೋನೆ ಬೆಟ್ಟದ ಕೇಬಲ್ ಕಾರ್ 2021ರ ಮೇ 23ರಂದು ಬಿತ್ತು. ಒಳಗಿದ್ದ 15 ಜನರಲ್ಲಿ ಉಳಿದದ್ದು ಒಬ್ಬ ಪುಟ್ಟ ಹುಡುಗ. ಎಳೆಯುವ ಹಗ್ಗ ಕಡಿದಿತ್ತು. ಹಗ್ಗ ಕಡಿದರೂ ಕ್ಯಾಬಿನ್ ಬೀಳಬೇಕಾಗಿರಲಿಲ್ಲ. ಅದು ತೂಗುವ ದಪ್ಪ ಹಗ್ಗವನ್ನು ಕಚ್ಚಿ ಹಿಡಿಯುವ ತುರ್ತು ಬ್ರೇಕ್ ಇತ್ತು. ಆದರೆ ಆ ಬ್ರೇಕಿನ ಬಾಯಿ ಮುಚ್ಚದಂತೆ ಕಬ್ಬಿಣದ ಕವೆಗಳನ್ನು ಸಿಕ್ಕಿಸಿಟ್ಟಿದ್ದರು. ಬ್ರೇಕ್ ಪದೇ ಪದೇ ತಾನಾಗಿ ಬಿದ್ದು ಓಡಾಟ ನಿಲ್ಲುತ್ತಿತ್ತು, ಅದಕ್ಕೆ.

ಕೋಲಾರದ ಚಿನ್ನದ ಗಣಿಯಲ್ಲಿ ಕೇಜು ಇಳಿಸುವ ರೋಪುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ರೋಪು ಸುತ್ತುವ ಯಂತ್ರ, ವೈಂಡರ್, ನಿಧಾನಕ್ಕೆ ತಿರುಗುವಾಗ ರೋಪಿನ ಸುತ್ತ ಹತ್ತಿ ವೇಸ್ಟ್ ಹಿಡಿದು ನಿಲ್ಲುತ್ತಿದ್ದೆವು. ಒಂದು ತಂತಿ ಮುರಿದಿದ್ದರೂ ನೂಲು ಸಿಕ್ಕಿಕೊಳ್ಳುತ್ತಿತ್ತು. ಗೊತ್ತಾದ ಅವಧಿಗೊಮ್ಮೆ ಕೇಜಿಗೆ ಸೇರುವ ರೋಪಿನ ತುದಿ ಕತ್ತರಿಸಿ, ಎಳೆ ಬಿಚ್ಚಿ ಒಳಗಿನ ತುಕ್ಕು ನೋಡಿ, ಉಳಿದ ರೋಪಿನ ತುದಿಗೆ ಹೊಸದಾಗಿ ಕ್ಯಾಪ್ ಹಾಕುತ್ತಿದ್ದೆವು. ರೋಪು ಕೆಡುವುದು ಹೆಚ್ಚಾಗಿ ಅಲ್ಲೇ. ಮೊಟ್ಟರೋನೆಯ ಹಗ್ಗ ಕಡಿದದ್ದೂ ತುದಿಯ ಹತ್ತಿರವೇ ಎಂದು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯುರೋಪಿನಲ್ಲಿ ಕಾನೂನಿಗೆ ಕೊರತೆ ಇರಲಿಲ್ಲ. ಜನರನ್ನು ಒಯ್ಯುವ ಹಗ್ಗದ ದಾರಿಗಳಿಗೆಂದೇ 2000ದಲ್ಲಿ ನಿರ್ದೇಶನ ಬಂತು. 2016ರಲ್ಲಿ ಅದನ್ನು ಬದಲಿಸಿದ ನಿಯಮ 2018ರಿಂದ ಜಾರಿಯಲ್ಲಿದೆ. ಇಂಥ ಕಾನೂನಿನಿಂದ ಏನು ಬದಲಾಯಿತೆಂದು ಅಳೆಯಲು ಕೂತವರು ಸಾಮಾನ್ಯವಾಗಿ ಸತ್ತವರನ್ನು ಎಣಿಸುತ್ತಾರೆ, ಖರ್ಚನ್ನು ಕೂಡುತ್ತಾರೆ. ಆ ಲೆಕ್ಕದಲ್ಲಿ, ಕವೆ ಸಿಕ್ಕಿಸಿ ಕ್ಯಾಬಿನ್ ಓಡಿಸಿದ ದಿನಗಳೆಲ್ಲ ಒಳ್ಳೆಯ ದಿನಗಳೇ. ಯಾರೂ ಸಾಯಲಿಲ್ಲವಲ್ಲ!

ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ನಾನು ಜೈನ ಮನೆತನದವನು. ಹಿಂಸೆ ಎಂದರೇನು ಎಂಬುದಕ್ಕೆ ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಕೊಟ್ಟ ಲಕ್ಷಣದಲ್ಲಿ ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ, ಮೊದಲ ಜಾಗ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗುತ್ತಾರೆ: ಜೀವ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆ ತಪ್ಪಿದ್ದಲ್ಲ, ನೋಡಿ ನೋಡಿ ಹೆಜ್ಜೆಯಿಟ್ಟವನಿಗೆ, ಕಾಲಡಿ ಜೀವ ಹೋದರೂ, ಅದರ ಕರ್ಮಬಂಧವಿಲ್ಲ. ಚಿಕ್ಕಂದಿನಲ್ಲಿ ಇದನ್ನು ಇರುವೆಯ ವಿಷಯವೆಂದೇ ಕೇಳಿಸಿಕೊಂಡಿದ್ದೆ. ಶಾಫ್ಟಿನ ಬಾಯಲ್ಲಿ ನಿಂತ ಮೇಲೆ ಅದು ರೋಪಿನ ವಿಷಯವೂ ಹೌದೆಂದು ತಿಳಿಯಿತು. ಮೊಟ್ಟರೋನೆಯಲ್ಲಿ ಹಿಂಸೆ ನಡೆದದ್ದು ಮೇ 23ರಂದಲ್ಲ. ಕವೆ ತೆಗೆಯದೆ ಜನರನ್ನು ಹತ್ತಿಸಿಕೊಂಡ ಮೊದಲ ದಿನವೇ ಅದು ನಡೆದುಹೋಗಿತ್ತು.

ಕೋರ್ಟು ಹೀಗೆ ನೋಡಲಾರದು, ಅದು ಅದರ ಕೆಲಸವೂ ಅಲ್ಲ. ಆಸ್ಟ್ರಿಯಾದ ಕಾಪ್ರುನ್‌ನಲ್ಲಿ 2000ದ ನವೆಂಬರ್ 11ರಂದು ಬೆಟ್ಟದ ಸುರಂಗದೊಳಗೆ ಹಗ್ಗ ಎಳೆಯುವ ರೈಲು ಹೊತ್ತಿ 155 ಜನ ಸತ್ತರು. ಚಾಲಕನ ಕೋಣೆಯಲ್ಲಿ ಮನೆಬಳಕೆಯ ಹೀಟರ್ ಕೂರಿಸಿದ್ದರು. ಪ್ರಯಾಣಿಕರ ಕೈಗೆ ಸಿಗುವಂತೆ ಬೆಂಕಿ ಆರಿಸುವ ಸಾಧನವಿರಲಿಲ್ಲ. 2004ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅಪರಾಧಿ ಯಾರು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ನೋಡಬೇಕಾದವರು ನೋಡಿದರೇ ಎಂಬುದು ಮುಗಿಯಲಿಲ್ಲ.

ನಮ್ಮಲ್ಲಿ 2022ರ ರಾಮನವಮಿಯಂದು ದೇವಘರದ ತ್ರಿಕೂಟ ಬೆಟ್ಟದಲ್ಲಿ ರೋಪ್‌ವೇ ಕೆಟ್ಟು ನಿಂತು, ಜನ ಗಾಳಿಯಲ್ಲೇ ರಾತ್ರಿ ಕಳೆದು, ವಾಯುಪಡೆಯ ಹೆಲಿಕಾಪ್ಟರಿನ ನೆರವಿನಿಂದ ಪಾರಾಗಬೇಕಾಯಿತು. ಕೇಂದ್ರ ಗೃಹ ಸಚಿವಾಲಯ ರೋಪ್‌ವೇಗಳ ತಪಾಸಣೆಗೆ ಎಲ್ಲ ರಾಜ್ಯಗಳಿಗೂ ಬರೆದದ್ದು ಅದಾದ ಮೇಲೆ.

ಹಾಗಾದರೆ ಕಾನೂನಿನ ಫಲವನ್ನು ಎಲ್ಲಿ ಹುಡುಕಬೇಕು? ನಾನಾದರೆ ಲಾಗ್‌ಬುಕ್ ಕೇಳುತ್ತೇನೆ. ಬ್ರೇಕ್ ಎಷ್ಟು ಸಲ ಬಿತ್ತು, ಕಾರಣ ಬರೆದವರು ಯಾರು, ಕಾರಣ ಸಿಗದಿದ್ದಾಗ ಓಡಾಟ ನಿಲ್ಲಿಸಿದರೇ, ನಿಲ್ಲಿಸಿದವನಿಗೆ ಮೇಲಿನವರು ಏನೆಂದರು. ಪಳನಿಯಲ್ಲಿ ಬೆಟ್ಟದ ದೇವಸ್ಥಾನಕ್ಕೆ ಹೋಗುವ ರೋಪ್ ಕಾರನ್ನು ವರ್ಷಕ್ಕೊಮ್ಮೆ ವಾರಗಟ್ಟಲೆ ನಿಲ್ಲಿಸಿ ದುರಸ್ತಿ ಮಾಡುತ್ತಾರೆ. ವಯಸ್ಸಾದ ತಾಯಿಯನ್ನು ಕರೆತಂದವರು ಹಳಿಯ ಮೇಲೆ ಎಳೆಯುವ ವಿಂಚಿನ ಸಾಲಿನಲ್ಲಿ ನಿಂತು ಗೊಣಗುತ್ತಾರೆ, ಅದು ಸಹಜ. ಮುಚ್ಚಿದ ಬಾಗಿಲಿನ ಮೇಲೆ ದೇವಸ್ಥಾನದವರು ಇನ್ನೆರಡು ಸಾಲು ಬರೆಯಿಸಲಿ: ಯಾವ ಹಗ್ಗ ಬಿಚ್ಚಿದ್ದೇವೆ, ಒಳಗೆ ಏನು ಕಂಡಿತು.