ಮನೆ ಗೆದ್ದು ಕಡಲು ಗೆಲ್ಲು

‘ಮನೆ ಗೆದ್ದು ಮಾರು ಗೆಲ್ಲು’ ಎಂಬ ಗಾದೆಯನ್ನು ಹಿರಿಯರು ಬುದ್ಧಿಮಾತಾಗಿ ಹೇಳಿದ್ದಕ್ಕಿಂತ ಬೈಗುಳವಾಗಿ ಆಡಿದ್ದೇ ಹೆಚ್ಚು. ಸಂಘ, ಸಮಿತಿ, ಪಂಚಾಯಿತಿ ಎಂದು ಊರೆಲ್ಲ ತಿರುಗಿ, ಮನೆಗೆ ಅಕ್ಕಿ ತಾರದ ಗಂಡಸಿಗೆ ಈ ಮಾತು ಕಾದಿರುತ್ತಿತ್ತು. ಇದರ ಜೋಡಿ ಗಾದೆ ಇನ್ನೂ ಖಾರ: ಊರಿಗೆ ಉಪಕಾರಿ, ಮನೆಗೆ ಮಾರಿ. ಎರಡರ ಹಿಂದಿರುವ ಲೆಕ್ಕ ಒಂದೇ. ಮನುಷ್ಯನಿಗಿರುವ ಹೊತ್ತು, ಕಸುವು ಇಷ್ಟೇ. ಹೊರಗೆ ಸುರಿದಷ್ಟೂ ಒಳಗೆ ಕೊರತೆ. ದೇಶದ ರಕ್ಷಣೆಗೆಂದು ಪ್ರಯೋಗಾಲಯದಲ್ಲಿ ದುಡಿಯುವ ಸಂಸಾರಸ್ಥನಿಗೆ ಈ ಲೆಕ್ಕ ಎಷ್ಟರಮಟ್ಟಿಗೆ ಹೊಂದುತ್ತದೆ? ಅದನ್ನು ನೋಡಲು ಅಂಬರನಾಥಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯದು.

ಕಲ್ಯಾಣ ದಾಟಿ ಕರ್ಜತ್ ಕಡೆ ಹೋಗುವ ಲೋಕಲ್‌ನಲ್ಲಿ ವಿಠ್ಠಲವಾಡಿ, ಉಲ್ಲಾಸನಗರ ಕಳೆದರೆ ಅಂಬರನಾಥ. ಯಾತ್ರಿಕರಿಗೆ ಇದು 1060ರ ಶಿಲಾಹಾರರ ಶಿವಾಲಯದ ಊರು. ನೌಕಾಪಡೆಗೆ ಎನ್‌ಎಂಆರ್‌ಎಲ್‌ನ, ಅಂದರೆ ನೌಕಾ ಸಾಮಗ್ರಿ ಸಂಶೋಧನಾ ಪ್ರಯೋಗಾಲಯದ ಊರು. 1953ರಲ್ಲಿ ಮುಂಬಯಿಯ ನೌಕಾ ಡಾಕ್‌ಯಾರ್ಡ್‌ನಲ್ಲಿ ರಸಾಯನ ಮತ್ತು ಲೋಹಗಳ ಸಣ್ಣ ಪರೀಕ್ಷಾಲಯವಾಗಿ ಹುಟ್ಟಿದ ಸಂಸ್ಥೆ, ಮುಂದೆ ಡಿಆರ್‌ಡಿಒ, ಅಂದರೆ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ತೆಕ್ಕೆಗೆ ಸೇರಿ ಇಲ್ಲಿಗೆ ಬಂತು. ಸುತ್ತ ಗುಡ್ಡ, ಕಾರ್ಖಾನೆ. ಒಳಗೆ ನಡೆಯುವುದೆಲ್ಲ ಕಡಲಿನ ಕೆಲಸ.

ಗಾದೆಯ ಲೆಕ್ಕ ಇಲ್ಲಿ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಡೊಂಬಿವಲಿಯ ಗುಮಾಸ್ತ ಬೆಳಿಗ್ಗೆ ಸುಮಾರು 48 ಕಿಲೋಮೀಟರ್ ದೂರದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದತ್ತ ಬಾಗಿಲಿಗೆ ಜೋತು ಹೋಗುತ್ತಾನೆ. ಮಗು ಏಳುವ ಮುನ್ನ ಹೊರಟು, ಮಲಗಿದ ಮೇಲೆ ಮರಳುತ್ತಾನೆ. ಅದೇ ಡೊಂಬಿವಲಿಯಿಂದ ಅಂಬರನಾಥಕ್ಕೆ ಹೋಗುವ ವಿಜ್ಞಾನಿಯದು ಹನ್ನೆರಡು ಕಿಲೋಮೀಟರಿನ ದಾರಿ, ಅದೂ ಜನಪ್ರವಾಹಕ್ಕೆ ಎದುರಾಗಿ. ಅವನಿಗೆ ಕೂರಲು ಸೀಟೂ ಸಿಕ್ಕೀತು. ಥಾಣೆ ಜಿಲ್ಲೆಯ ಸಂಸಾರಗಳನ್ನು ತಿಂದದ್ದರಲ್ಲಿ ದೇಶಸೇವೆಗಿಂತ ಲೋಕಲ್ ರೈಲಿನ ಪಾಲೇ ದೊಡ್ಡದು ಎಂದರೆ ಡೊಂಬಿವಲಿಯವರು ಯಾರೂ ಅಲ್ಲಗಳೆಯಲಾರರು.

ಹಾಗಾದರೆ ಮನೆ ಕಳೆದುಕೊಳ್ಳುವುದು ಏನನ್ನು? ಮಾತನ್ನು. ಬಣ್ಣ ಬಳಿದ ಉಕ್ಕಿನ ಹಲಗೆಗಳನ್ನು ಸಮುದ್ರದಲ್ಲಿ ಮುಳುಗಿಸಿ, ಎಷ್ಟು ಚಿಪ್ಪುಜೀವಿ ಅಂಟಿತು, ಎಲ್ಲಿ ತುಕ್ಕು ಎದ್ದಿತು ಎಂದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋಡುವ ಕೆಲಸದ ಬಗ್ಗೆ ಊಟದ ಹೊತ್ತಿನಲ್ಲಿ ಒಂದಿಷ್ಟು ಹೇಳಬಹುದೇನೋ. ಜಲಾಂತರ್ಗಾಮಿಯ ವಿಷಯ ಹಾಗಲ್ಲ. ಡೀಸೆಲ್–ವಿದ್ಯುತ್ ಜಲಾಂತರ್ಗಾಮಿ ಬ್ಯಾಟರಿ ತುಂಬಿಕೊಳ್ಳಲು ಮೇಲಿನ ಗಾಳಿಗಾಗಿ ಆಗಾಗ ತಲೆಯೆತ್ತಬೇಕು. ಎತ್ತಿದಾಗಲೇ ಶತ್ರುವಿನ ಕಣ್ಣಿಗೆ ಬೀಳುವುದು. ಹೊರಗಿನ ಗಾಳಿ ಬೇಡದೆ ನೀರಡಿಯಲ್ಲೇ ಬಹುಕಾಲ ಇರಲು ಎನ್‌ಎಂಆರ್‌ಎಲ್ ಫಾಸ್ಫಾರಿಕ್ ಆಮ್ಲದ ಇಂಧನಕೋಶಗಳ ವ್ಯವಸ್ಥೆ ಕಟ್ಟಿತು. ಬೇಕಾದ ಹೈಡ್ರೋಜನ್ ಹಡಗಿನೊಳಗೇ ತಯಾರಾಗುತ್ತದೆ, ಹೊತ್ತು ತಿರುಗುವ ಅಪಾಯವಿಲ್ಲ. ನೆಲದ ಮೇಲಿನ ಮಾದರಿ ಪರೀಕ್ಷೆಯಲ್ಲಿ ಗೆದ್ದದ್ದು 2021ರ ಮಾರ್ಚ್ 8ರಂದು. ಪತ್ರಿಕೆಯಲ್ಲಿ ಬಂದ ಮೇಲಷ್ಟೇ ಮನೆಯವರಿಗೆ, ‘ಇವರು ಇಷ್ಟು ವರ್ಷ ಮಾಡುತ್ತಿದ್ದುದು ಇದನ್ನೇ ಇರಬೇಕು’ ಎಂದು ಊಹಿಸಲು ಅವಕಾಶ. ಗೆದ್ದದ್ದನ್ನು ಮನೆಗೆ ಬಂದು ಹೇಳುವಂತಿಲ್ಲದ ಗೆಲುವನ್ನು ಗಾದೆ ಕಟ್ಟಿದವರು ಕಂಡಿರಲಾರರು.

ಇಂಥದೇ ಗುಟ್ಟಿನ ಕೆಲಸದ ಇನ್ನೊಂದು ಜಾಗ, ಅಣುಸಂಶೋಧನೆಯ ಟ್ರಾಂಬೆ, ಥಾಣೆ ಖಾರಿಯ ಆಚೆ ದಡದಲ್ಲಿ, ನವಿಮುಂಬಯಿಗೆ ಎದುರಾಗಿದೆ. ತುಮಕೂರು ಜಿಲ್ಲೆಯಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ ಅಲ್ಲಿ ಕೆಲಸದಲ್ಲಿದ್ದಾಗಲೇ 1974ರ ಮೇ 18ರ ಪೋಖ್ರಾನ್ ಅಣುಪರೀಕ್ಷೆಯನ್ನು ಮುನ್ನಡೆಸಿದರು. 1978ರಿಂದ 1981ರವರೆಗೆ ರಕ್ಷಣಾ ಸಂಶೋಧನೆಯ ಮುಖ್ಯಸ್ಥರೂ ಆಗಿದ್ದರು. ಇಷ್ಟರ ನಡುವೆ ಪಿಯಾನೊ ಬಿಡಲಿಲ್ಲ. ಪಾಶ್ಚಾತ್ಯ ಸಂಗೀತ ಮತ್ತು ರಾಗಪದ್ಧತಿಯನ್ನು ಹೋಲಿಸಿ ಪುಸ್ತಕವನ್ನೇ ಬರೆದರು. ಗುಟ್ಟಿನ ಕೆಲಸದವನಿಗೆ ಮನೆಯಲ್ಲಿ ಎಲ್ಲರೂ ಕೇಳುವಂತೆ ಮಾಡಬಹುದಾದದ್ದು ಏನಾದರೂ ಬೇಕು ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ. ಬೆಂಗಳೂರಿನ ವಾಸುದೇವ ಆತ್ರೆಯವರದು ಇನ್ನೊಂದು ಬಗೆ. ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು 1980ರಲ್ಲಿ ಅದನ್ನು ಬಿಟ್ಟು ಕೊಚ್ಚಿಯ ನೌಕಾ ಪ್ರಯೋಗಾಲಯಕ್ಕೆ ಸೋನಾರ್ ಕೆಲಸಕ್ಕೆ ಬಂದರು; 1999ರಿಂದ 2004ರವರೆಗೆ ಡಿಆರ್‌ಡಿಒ ಮುಖ್ಯಸ್ಥರಾದರು. ಇಂಥ ಸ್ಥಳಾಂತರ ವ್ಯಕ್ತಿಪರಿಚಯದಲ್ಲಿ ಒಂದೇ ಸಾಲು. ಸಂಸಾರಸ್ಥರ ಬಾಳಿನಲ್ಲಿ ಅದರರ್ಥ ಮನೆ ಬಿಚ್ಚಿ ಮತ್ತೆ ಕಟ್ಟುವುದು, ಆ ಕೆಲಸ ಯಾರ ಪರಿಚಯಪತ್ರದಲ್ಲೂ ಬರುವುದಿಲ್ಲ.

ಗಾದೆ ಗೆಲುವಿನ ಕ್ರಮ ಹೇಳುತ್ತದೆಯೇ ಹೊರತು ಮನೆಯನ್ನು ಗೆದ್ದುಕೊಡುವವರು ಯಾರೆಂದು ಹೇಳುವುದಿಲ್ಲ. ಉತ್ತರ ತುಕ್ಕು ತಡೆಯುವವರ ಕಸುಬಿನಲ್ಲೇ ಇದೆ. ಹಡಗಿನ ತಳದ ಉಕ್ಕಿಗೆ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಗಳನ್ನು ಜೋಡಿಸುತ್ತಾರೆ; ಸ್ಯಾಕ್ರಿಫಿಶಿಯಲ್ ಆನೋಡ್ ಎಂದು ಹೆಸರು. ಉಪ್ಪುನೀರಿನಲ್ಲಿ ಉಕ್ಕಿಗಿಂತ ಮೊದಲು ಇವು ಕರಗುತ್ತವೆ, ಉಕ್ಕು ಉಳಿಯುತ್ತದೆ. ಇದನ್ನು ಕೇಳಿದೊಡನೆ ಹೆಂಡತಿಯ ತ್ಯಾಗ ನೆನಪಾಗುವುದು ಸುಲಭ. ಆದರೆ ಎಂಜಿನಿಯರನ ಷರತ್ತುಗಳನ್ನೂ ಪೂರ್ತಿ ಕೇಳಬೇಕು. ಗಟ್ಟಿಗೂ ಉಕ್ಕಿಗೂ ಲೋಹಕ್ಕೆ ಲೋಹ ತಾಗಿರಬೇಕು, ನಡುವೆ ಸಂಪರ್ಕ ತಪ್ಪಿದರೆ ಕೆಲಸ ನಿಂತಿತು. ಗಟ್ಟಿಯ ಮೇಲೆ ಬಣ್ಣ ಬಳಿಯಕೂಡದು. ಹಡಗು ಡ್ರೈಡಾಕ್‌ಗೆ ಬಂದಾಗಲೆಲ್ಲ ಎಷ್ಟು ಕರಗಿದೆ ಎಂದು ನೋಡಿ ಹೊಸದು ಹಾಕಬೇಕು. ಮುಂಬಯಿಯ ನಮ್ಮ ಸನ್ಮಾನ ಸಭೆಗಳಲ್ಲಿ ಸಾಧಕನಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಕೊನೆಯಲ್ಲಿ ‘ಇವರ ಶ್ರೀಮತಿಯವರ ತ್ಯಾಗವೂ ದೊಡ್ಡದು’ ಎಂದೊಂದು ಚಪ್ಪಾಳೆ. ಅದು ಗಟ್ಟಿಯ ಮೇಲೆ ಬಳಿದ ಬಣ್ಣವೇ. ಎಷ್ಟು ಕರಗಿದೆ ಎಂದು ಅಳೆಯುವವರಿಲ್ಲ.

ಒಳ್ಳೆಯ ಸಂಸಾರಿಯಾದ ವಿಜ್ಞಾನಿ ಎಂದರೆ ಮಕ್ಕಳ ಫೀಸು ತಪ್ಪದೆ ಕಟ್ಟಿದವನು ಎಂಬಷ್ಟು ಅಗ್ಗದ ಅರ್ಥ ನನಗೆ ಸಾಲದು. ಹೇಳಲಾಗದ ಕೆಲಸವಿದ್ದರೂ ಮನೆಯವರ ಮಾತು ಕೇಳಲು ಯಾವ ಗೋಪ್ಯತಾ ಕಾಯ್ದೆಯೂ ಅಡ್ಡ ಬರುವುದಿಲ್ಲ. ಪ್ರಯೋಗಾಲಯದ ಗುಟ್ಟನ್ನು ನೆಪ ಮಾಡಿಕೊಂಡು ಮನೆಯಲ್ಲೂ ಮೂಕನಾಗುವವನಿಗೆ ಮಾತ್ರ ‘ಮನೆಗೆ ಮಾರಿ’ ಸರಿಯಾಗಿ ಹೊಂದುತ್ತದೆ.

ಅಂದ ಹಾಗೆ, ಆ ಇಂಧನಕೋಶ ಗೆದ್ದ ಮಾರ್ಚ್ 8 ಮಹಿಳಾ ದಿನವೂ ಹೌದು. ಜೆ. ಮಂಜುಳಾ 2015ರಲ್ಲಿ ಡಿಆರ್‌ಡಿಒದ ಮೊದಲ ಮಹಿಳಾ ಮಹಾನಿರ್ದೇಶಕಿಯಾದರು. ಅಗ್ನಿ ಕ್ಷಿಪಣಿ ಯೋಜನೆಗಳನ್ನು ಟೆಸ್ಸಿ ಥಾಮಸ್ ಮುನ್ನಡೆಸಿದರು. ಗಂಡಸಿಗೆ ಬೈಗುಳವಾಗಿದ್ದ ಗಾದೆ ಹೆಂಗಸಿಗೆ ದಿನನಿತ್ಯದ ಪ್ರವೇಶಪರೀಕ್ಷೆ: ಡಬ್ಬಿ ಕಟ್ಟಿ, ಅತ್ತೆಯ ಮಾತ್ರೆ ತೆಗೆದಿಟ್ಟು, ಆಮೇಲೆ ಲೋಕಲ್ ಹಿಡಿ. ರಾತ್ರಿ ತಡವಾಗಿ ಬಂದ ಗಂಡ ವಿಜ್ಞಾನಿಯಾದರೆ ‘ದೇಶದ ಕೆಲಸ, ಕೇಳಬಾರದು’ ಎಂದು ಮನೆಯವರೇ ಸುಮ್ಮನಾಗುತ್ತಾರೆ. ಸೊಸೆ ವಿಜ್ಞಾನಿಯಾದರೆ, ಇಷ್ಟು ಹೊತ್ತು ಎಲ್ಲಿದ್ದೆ ಎಂದು ಕೇಳಿಯೇ ಕೇಳುತ್ತಾರೆ.