ಹಣೆಬರಹವೂ ಜೀನ್ ಬರಹವೂ

ಕಾಯಿಲೆಯ ಮುಂದಿನ ಗತಿ ಮೊದಲೇ ತಿಳಿದುಬಂದರೆ ಅದನ್ನು ರೋಗಿಗೆ ಹೇಳಬೇಕೆ, ಮುಚ್ಚಿಡಬೇಕೆ? ಸಂಘದ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ವೈದ್ಯರಾದ ನಮ್ಮನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಇದು. ಈಚೆಗೆ ಎಡಿಸನ್ನಿನ ಮಿತ್ರರೊಬ್ಬರು ಕೇಳಿದರು. ಅವರ ಬಳಿಯೇ ನೆಲೆಸಿರುವ ತಂದೆಗೆ ಶ್ವಾಸಕೋಶದ ಕ್ಯಾನ್ಸರ್. ಪ್ರಾರಂಭದ ಹಂತದಲ್ಲೇ ಶಸ್ತ್ರಚಿಕಿತ್ಸೆಯಾಗಿದೆ. ಆದರೆ ತೆಗೆದ ಗಡ್ಡೆಯ ಜೀನ್ ಪರೀಕ್ಷೆಯಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚೆಂದು ಬಂದಿದೆ. "ಅಪ್ಪನಿಗೆ ಹೇಳೋದು ಬೇಡ ಡಾಕ್ಟ್ರೇ, ಕುಗ್ಗಿ ಹೋಗ್ತಾರೆ" ಎಂದರು.

ಈ ವರದಿ ಏನೆಂಬುದನ್ನು ಮೊದಲು ನೋಡೋಣ. ನಮ್ಮ ಜೀವಕೋಶಗಳಲ್ಲೆಲ್ಲ ಇರುವ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಆದರೆ ಎಲ್ಲವೂ ಎಲ್ಲೆಡೆ ಕೆಲಸ ಮಾಡುವುದಿಲ್ಲ. ಅಡಿಗೆ ಪುಸ್ತಕ ಒಂದೇ ಇದ್ದರೂ ಇಂದು ಒಲೆಯ ಮೇಲೆ ಏನಿದೆ ಎಂಬುದು ಬೇರೆಯಲ್ಲವೆ? ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬುದನ್ನು ಅದರಿಂದ ತಯಾರಾಗುವ ಆರ್.ಎನ್.ಎ. ಪ್ರಮಾಣದಿಂದ ಅಳೆಯುತ್ತಾರೆ. ಹಿಂದಿನ ರೋಗಿಗಳ ಗಡ್ಡೆಗಳೊಡನೆ ಹೋಲಿಸಿ, ಮುಂದಿನ ಗತಿಯನ್ನು ಅಂದಾಜು ಮಾಡುತ್ತಾರೆ.

ಅಂದಾಜು ಎಂಬ ಮಾತನ್ನು ಮರೆಯಬಾರದು. ನಮ್ಮ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸೇರಿದಂತೆ ನಾಲ್ಕು ಸಂಸ್ಥೆಗಳು 442 ಗಡ್ಡೆಗಳನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದವು. ವಯಸ್ಸು, ರೋಗದ ಹಂತ ಮುಂತಾದವನ್ನು ಜೊತೆಗೆ ಸೇರಿಸಿಕೊಂಡಾಗ ಜೀನ್ ಆಧಾರಿತ ಊಹೆ ಹೆಚ್ಚು ಚೆನ್ನಾಗಿ ಹೊಂದಿತು. ಡ್ಯೂಕ್ ವಿಶ್ವವಿದ್ಯಾಲಯದಿಂದ 2006ರಲ್ಲಿ ಬಂದ ಇಂಥದೇ ಒಂದು ಹೆಸರುವಾಸಿ ಪ್ರಬಂಧವನ್ನು, ಫಲಿತಾಂಶ ಮತ್ತೆ ತಾಳೆಯಾಗದೆ, 2011ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು.

ನಮ್ಮವರು ಮಾತ್ರ ಇಂಥ ವರದಿಯನ್ನು ಹಣೆಬರಹದಂತೆ ಓದುತ್ತಾರೆ. ಬ್ರಹ್ಮ ಬರೆಯುವುದು ಒಬ್ಬೊಬ್ಬರ ಹಣೆಯ ಮೇಲೆ. ವರದಿಯ ಸಂಖ್ಯೆ ಒಂದು ಗುಂಪಿನದು. ನೂರರಲ್ಲಿ ಎಷ್ಟು ಜನಕ್ಕೆ ರೋಗ ಮರಳೀತೆಂದು ಅದು ಹೇಳಬಲ್ಲದು, ಆ ನೂರರಲ್ಲಿ ನೀವು ಯಾರೆಂದು ಹೇಳಲಾರದು. ನ್ಯೂಯಾರ್ಕಿನವರೇ ಆದ ವಿಜ್ಞಾನ ಲೇಖಕ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಒಂದು ಅಪರೂಪದ ಕ್ಯಾನ್ಸರ್ ಕಾಣಿಸಿತು. ಅರ್ಧದಷ್ಟು ರೋಗಿಗಳು ಎಂಟು ತಿಂಗಳೊಳಗೇ ತೀರಿಕೊಳ್ಳುತ್ತಿದ್ದ ಕಾಯಿಲೆ ಅದು. ಗೂಲ್ಡ್ ಬದುಕಿದ್ದು 2002ರ ತನಕ.

ಹೀಗೆ ಖಚಿತವಲ್ಲದ್ದನ್ನು ಹೇಳಿ ನೋಯಿಸುವುದೇಕೆ? ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ರೆಸಿಡೆನ್ಸಿ ಮುಗಿಸಿದ ಹೊಸತರಲ್ಲಿ, ಮಗಳ ಮಾತಿಗೆ ಕಟ್ಟುಬಿದ್ದು ಒಬ್ಬ ತಾಯಿಗೆ ಅವರ ರೋಗದ ತೀವ್ರತೆಯನ್ನು ತಿಳಿಸಲಿಲ್ಲ. "ಈಗಲೇ ಊರಿಗೆ ಹೋಗಿ ಬರಲೇನಪ್ಪಾ?" ಎಂದು ಅವರು ಕೇಳಿದರು. "ಚಳಿ ಕಳೀಲಿ ಬಿಡಿ ಅಮ್ಮ" ಎಂದೆವು. ಚಳಿ ಕಳೆಯುವ ತನಕ ಅವರು ಉಳಿಯಲಿಲ್ಲ. ಆ ಸುಳ್ಳು ನಮಗೆ ಸುಲಭವಾಗಿತ್ತು. ಅದಕ್ಕೆ ಬೆಲೆ ತೆತ್ತವರು ಅವರು.

ರೋಗ ಯಾರ ಮೈಯಲ್ಲಿದೆಯೋ ಅದರ ಸುದ್ದಿಯೂ ಅವರಿಗೇ ಸೇರಿದ್ದು ಎಂಬುದು ಅಂದಿನಿಂದ ನಮ್ಮ ಅಭಿಪ್ರಾಯ. ಹಾಗೆಂದು ಸಂಖ್ಯೆಯನ್ನು ಮುಖಕ್ಕೆ ಎಸೆಯಬೇಕಿಲ್ಲ. ಎಷ್ಟು ತಿಳಿಯಲು ಇಷ್ಟವಿದೆ ಎಂದು ಮೊದಲು ಕೇಳಬೇಕು. "ನೀವೇ ನೋಡಿಕೊಳ್ಳಿ" ಎಂದರೆ ಅದೂ ಅವರ ತೀರ್ಮಾನವೇ. ಮಿತ್ರರಿಗೂ ಹೀಗೆಯೇ ಹೇಳಿದೆವು.

ಹೋದ ವಾರ ಆ ಹಿರಿಯರೇ ಫೋನ್ ಮಾಡಿದ್ದರು. ಕೀಮೊಥೆರಪಿ ತೆಗೆದುಕೊಂಡರೆ ಏನು, ಬಿಟ್ಟರೆ ಏನು, ಮೈಸೂರಿನ ಮನೆಯ ಖಾತೆ ಮಗನ ಹೆಸರಿಗೆ ಮಾಡಿಸಲು ಯಾವಾಗ ಹೋಗಬಹುದು ಎಂದು ಸಾಲಾಗಿ ಮೂರು ಪ್ರಶ್ನೆ. ಕುಗ್ಗಿದವರ ದನಿ ಅದಾಗಿರಲಿಲ್ಲ. ಮೂರನೆಯದಕ್ಕೆ ಈ ಸಲ ನಾವು "ಚಳಿ ಕಳೀಲಿ" ಎನ್ನಲಿಲ್ಲ.